ಬ್ಯಾಕ್ಟೀರಿಯಾ ಸುರಿದರೆ ಕೆರೆಯ ಭಾರಲೋಹ ಹೋಗುತ್ತಾ?

ಕೆರೆಯಂಚು:
ಎಲ್ಲರಿಗೂ ನಮಸ್ಕಾರ. ತಿಳಿದವರು ಸ್ವಲ್ಪ ದಾರಿ ತೋರಿಸಿ. ನಮ್ಮ ಗುಂಪು ನೋಡಿಕೊಳ್ಳುವ ಕೆರೆಗೆ ವರ್ಷಗಟ್ಟಲೆ ಪ್ಲೇಟಿಂಗ್ ಶೆಡ್‌ಗಳ (ವಸ್ತುಗಳಿಗೆ ಲೋಹದ ಲೇಪ ಹಾಕುವ ಕಡೆಯ) ನೀರು ಹರಿದಿದೆ. ಈಗ ಹರಿವು ನಿಂತಿದೆ. ಆದರೆ ತಳದ ಕೆಸರಿನಲ್ಲಿ ಕ್ರೋಮಿಯಂ, ನಿಕ್ಕಲ್, ಕ್ಯಾಡ್ಮಿಯಂ, ಸೀಸ ಎಲ್ಲ ಇದೆ ಅಂತ ಪರೀಕ್ಷಾ ವರದಿ ಬಂದಿದೆ. ಮೊನ್ನೆ ಒಬ್ಬರು ಬಂದು ಕ್ಯಾನಿನಲ್ಲಿ ಬ್ಯಾಕ್ಟೀರಿಯಾ ದ್ರಾವಣ ತೋರಿಸಿದರು. ವಾರಕ್ಕೊಮ್ಮೆ ಸುರಿದರೆ ಸಾಕು, ಲೋಹವನ್ನೆಲ್ಲ ಅದೇ ಜೀರ್ಣ ಮಾಡಿಕೊಳ್ಳುತ್ತದೆ, ಹೂಳೆತ್ತುವ ಗೋಜೇ ಇಲ್ಲ ಅಂದರು. ಒಂದು ಗ್ರಾಫ್ ಕೂಡ ಕೊಟ್ಟಿದ್ದಾರೆ. ಅದರಲ್ಲಿ ನೀರಿನ ಕ್ರೋಮಿಯಂ ಸರ್ರನೆ ಇಳಿದಿದೆ. ಗುಂಪಿನಲ್ಲಿ ಅರ್ಧ ಜನಕ್ಕೆ ಖುಷಿ, ಇನ್ನರ್ಧ ಜನ ಇದು ಟೋಪಿ ಅನ್ನುತ್ತಿದ್ದಾರೆ. ನಂಬಬಹುದಾ?

ಸುಮ್ನೆ_ಓದುವವ:
ಎಣ್ಣೆ ತಿನ್ನುವ ಬ್ಯಾಕ್ಟೀರಿಯಾಕ್ಕೆ ಪೇಟೆಂಟೇ ಸಿಕ್ಕಿತ್ತಲ್ಲ? ಆನಂದ ಮೋಹನ ಚಕ್ರಬರ್ತಿ ಅವರದ್ದು. 1980ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ತನಕ ಹೋಗಿ ಗೆದ್ದರು. ಎಣ್ಣೆ ತಿನ್ನುವುದಾದರೆ ಲೋಹ ಯಾಕಾಗಬಾರದು?

ತಳಕೆಸರು:
ವ್ಯತ್ಯಾಸ ಇರುವುದೇ ಅಲ್ಲಿ. ಎಣ್ಣೆಯಲ್ಲಿರುವುದು ಇಂಗಾಲ ಮತ್ತು ಹೈಡ್ರೋಜನ್. ಬ್ಯಾಕ್ಟೀರಿಯಾ ಅದನ್ನು ಒಡೆದು ಇಂಗಾಲದ ಡೈಆಕ್ಸೈಡ್ ಮತ್ತು ನೀರು ಮಾಡಿ ಬಿಡುತ್ತದೆ. ಅಲ್ಲಿಗೆ ಎಣ್ಣೆಯ ಕಥೆ ಮುಗಿಯಿತು. ಕ್ಯಾಡ್ಮಿಯಂ ಹಾಗಲ್ಲ, ಅದೊಂದು ಮೂಲವಸ್ತು. ಅದನ್ನು ಒಡೆಯಲು ಯಾವ ಜೀವಿಯ ಕೈಲೂ ಆಗುವುದಿಲ್ಲ. ಕೆರೆಗೆ ನೂರು ಕಿಲೋ ಕ್ರೋಮಿಯಂ ಬಿದ್ದಿದ್ದರೆ, ಯಾರಾದರೂ ಎತ್ತಿ ಹೊರಗೆ ಹಾಕುವ ತನಕ, ಇಲ್ಲವೇ ನೀರಿನ ಜೊತೆ ಹರಿದುಹೋಗುವ ತನಕ ಆ ನೂರು ಕಿಲೋ ಅಲ್ಲೇ ಇರುತ್ತದೆ.

ಹಾಗಂತ ಬ್ಯಾಕ್ಟೀರಿಯಾ ದಂಡ ಅಂತ ಹೇಳುತ್ತಿಲ್ಲ. ಅವು ಲೋಹದ ರೂಪ ಬದಲಿಸುತ್ತವೆ. ಕರಗಿದ್ದನ್ನು ಕರಗದ ಹಾಗೆ ಮಾಡುತ್ತವೆ, ಇಲ್ಲವೇ ತಮ್ಮ ಮೈಗೆ ಅಂಟಿಸಿಕೊಳ್ಳುತ್ತವೆ. ಕ್ರೋಮಿಯಂ-6 ಅನ್ನುವ ರೂಪ ನೀರಿನಲ್ಲಿ ಸಲೀಸಾಗಿ ಕರಗಿ ಓಡಾಡುತ್ತದೆ, ಕ್ಯಾನ್ಸರ್ ತರುತ್ತದೆ. ಅದಕ್ಕೆ ಮೂರು ಎಲೆಕ್ಟ್ರಾನ್ ಕೊಟ್ಟರೆ ಕ್ರೋಮಿಯಂ-3 ಆಗುತ್ತದೆ. ಅದು ಹೈಡ್ರಾಕ್ಸೈಡ್ ಆಗಿ ತಳಕ್ಕೆ ಕೂರುತ್ತದೆ, ವಿಷವೂ ಬಹಳ ಕಡಿಮೆ. ಎಷ್ಟೋ ಬಗೆಯ ಬ್ಯಾಕ್ಟೀರಿಯಾ ಈ ಕೆಲಸ ಮಾಡುತ್ತವೆ.

ಆದ್ದರಿಂದ ನಿಮಗೆ ತೋರಿಸಿದ ಗ್ರಾಫ್ ಸುಳ್ಳೇ ಇರಬೇಕು ಅಂತೇನಿಲ್ಲ. ನೀರಿನಿಂದ ಇಳಿದದ್ದು ಕೆಸರಿಗೆ ಹೋಗಿದೆ, ಅಷ್ಟೇ. ಆದರೆ ನಿಮ್ಮ ಲೋಹ ಈಗಾಗಲೇ ಕೆಸರಲ್ಲೇ ಕೂತಿದೆ. ಇನ್ನು ಆ ದ್ರಾವಣಕ್ಕೆ ಅಲ್ಲೇನು ಕೆಲಸ?

ಇಂಥ ಯಾವ ಯೋಜನೆ ಬಂದರೂ ನಾನು ಕೇಳುವುದು ಎರಡೇ. ಲೋಹ ಎಲ್ಲಿಗೆ ಹೋಯಿತು? ಅದು ಅಲ್ಲೇ ಉಳಿಯುತ್ತದೆ ಅನ್ನಲು ಏನು ಆಧಾರ?

ಪಾಳಿ_ಮೂರು:
ನಾನು ಪ್ಲೇಟಿಂಗ್ ಘಟಕದ ಇಟಿಪಿ, ಅಂದರೆ ಕೊಳಕು ನೀರು ಶುದ್ಧ ಮಾಡುವ ಘಟಕ ನಡೆಸುವವನು. ಕ್ರೋಮಿಯಂ-6ಕ್ಕೆ ಬ್ಯಾಕ್ಟೀರಿಯಾ ಯಾಕೆ ಬೇಕು ಅನ್ನುವುದೇ ನನಗೆ ಅರ್ಥವಾಗುವುದಿಲ್ಲ. ಆಸಿಡ್ ಹಾಕಿ ಪಿಎಚ್ (ಆಮ್ಲದ ಅಳತೆ, ಇಳಿದಷ್ಟೂ ಆಮ್ಲ ಜಾಸ್ತಿ) 2-3ಕ್ಕೆ ತರುತ್ತೇವೆ. ಸೋಡಿಯಂ ಮೆಟಾಬೈಸಲ್ಫೈಟ್ ಬಿಡುತ್ತೇವೆ. ಹಳದಿ ನೀರು ಕಣ್ಣೆದುರೇ ಹಸಿರಿಗೆ ತಿರುಗುತ್ತದೆ. ಆಮೇಲೆ ಸುಣ್ಣವೋ ಕಾಸ್ಟಿಕ್ಕೋ ಹಾಕಿ ಪಿಎಚ್ ಎಂಟೂವರೆ ಹತ್ತಿರ ತಂದರೆ ಬೂದು-ಹಸಿರು ಗಸಿ ಕಟ್ಟಿ ಕೆಳಗೆ ಕೂರುತ್ತದೆ. ಫಿಲ್ಟರ್ ಪ್ರೆಸ್‌ನಲ್ಲಿ ಹಿಂಡಿ, ಕೇಕನ್ನು ಅಪಾಯಕಾರಿ ತ್ಯಾಜ್ಯದ ಗುಂಡಿಗೆ ಕಳಿಸುವುದು. ಒಂದೇ ಪಾಳಿಯಲ್ಲಿ ಮುಗಿಯುವ ಕೆಲಸ. ಬ್ಯಾಕ್ಟೀರಿಯಾ ಅಂದರೆ ಅದರ ಆಹಾರ, ಬಿಸಿ, ಪಿಎಚ್ ಎಲ್ಲ ಕಾಯಬೇಕು. ಒಂದು ದಿನ ಪ್ಲೇಟಿಂಗ್ ಸಾಲಿನಿಂದ ಸಯನೈಡ್ ಜಾಸ್ತಿ ಬಂದರೆ ಅಷ್ಟೂ ಮಲಗಿಬಿಡುತ್ತವೆ.

ತಳಕೆಸರು:
@ಪಾಳಿ_ಮೂರು ನಿಮ್ಮ ಮಾತು ಸರಿ ಸರ್. ಟ್ಯಾಂಕಿಗೆ ಬರುವ, ಲೋಹ ಜಾಸ್ತಿ ಇರುವ ನೀರಿಗೆ ರಾಸಾಯನಿಕವೇ ಮೇಲು. ಬ್ಯಾಕ್ಟೀರಿಯಾ ಬೇಕಾಗುವುದು ನೆಲದಡಿ ಹರಡಿಹೋದ ನೀರಿಗೆ. ಅಲ್ಲಿ ಲೋಹ ಕಡಿಮೆ, ನೀರು ಅಪಾರ, ಎಲ್ಲವನ್ನೂ ಪಂಪ್ ಮಾಡಿ ಟ್ಯಾಂಕಿಗೆ ತರುವುದು ಆಗದ ಮಾತು.

ಕ್ಯಾಲಿಫೋರ್ನಿಯಾದ ಹಿಂಕ್ಲಿ ನೋಡಿ. ಗ್ಯಾಸ್ ಪೈಪ್‌ಲೈನಿನ ಕಂಪ್ರೆಸರ್ ಸ್ಟೇಷನ್ನಿನಲ್ಲಿ ಕೂಲಿಂಗ್ ಟವರಿಗೆ ತುಕ್ಕು ಹಿಡಿಯದಿರಲಿ ಅಂತ ಕ್ರೋಮಿಯಂ-6 ಬಳಸುತ್ತಿದ್ದರು. 1950-60ರ ದಶಕಗಳಲ್ಲಿ ಆ ನೀರನ್ನು ಹೊಂಡಕ್ಕೆ ಬಿಟ್ಟು, ಅದು ಅಂತರ್ಜಲಕ್ಕೆ ಇಳಿಯಿತು. ಮುಂದೆ ಶುದ್ಧೀಕರಣ ಅಂತ ಮಾಡಿದಾಗ ಬಾವಿ ಕೊರೆದು ಎಥನಾಲ್ ಬಿಟ್ಟರು. ಗಮನಿಸಿ, ಹೊರಗಿನ ಬ್ಯಾಕ್ಟೀರಿಯಾ ತಂದು ಸುರಿಯಲಿಲ್ಲ. ಮಣ್ಣಲ್ಲಿ ಮೊದಲೇ ಇದ್ದವು ಎಥನಾಲ್ ತಿಂದು ಹೆಚ್ಚಿದವು, ಆಮ್ಲಜನಕ ಮುಗಿಸಿದವು. ಆ ವಾತಾವರಣದಲ್ಲಿ ಕ್ರೋಮಿಯಂ-6 ಉಳಿಯುವುದಿಲ್ಲ.

ಆದರೆ ಒಂದು ತೊಡಕು ಬಂತು. ಆಮ್ಲಜನಕ ಇಲ್ಲದಾಗ ಮಣ್ಣಿನ ಮ್ಯಾಂಗನೀಸ್ ಮತ್ತು ಕಬ್ಬಿಣದ ಆಕ್ಸೈಡ್‌ಗಳೂ ಕರಗುತ್ತವೆ. ಅವುಗಳ ಮೈಗೆ ಅಂಟಿಕೊಂಡಿದ್ದ ಆರ್ಸೆನಿಕ್ ಕೂಡ ಬಿಟ್ಟುಕೊಳ್ಳುತ್ತದೆ. ಒಂದನ್ನು ಕೂರಿಸಲು ಹೋಗಿ ಇನ್ನೊಂದನ್ನು ಎಬ್ಬಿಸಿದ ಹಾಗಾಯಿತು. ಅದರ ಮೇಲೂ ಕಣ್ಣಿಡಬೇಕಾಯಿತು.

ಅಗರ್_ತಟ್ಟೆ:
ನಾನು ಸೂಕ್ಷ್ಮಜೀವಿ ವಿಭಾಗದಲ್ಲಿ ಸಂಶೋಧನೆ ಮಾಡುತ್ತಿರುವವಳು. ನಮ್ಮವರ ಬಗ್ಗೆಯೇ ಒಂದು ದೂರು ಹೇಳುತ್ತೇನೆ. ಎಷ್ಟೋ ಪ್ರಬಂಧಗಳು ಹೀಗೇ ಶುರುವಾಗುತ್ತವೆ: ಕಲುಷಿತ ಮಣ್ಣಿನಿಂದ ಲೋಹ ತಡೆದುಕೊಳ್ಳುವ ಒಂದು ತಳಿ ಸಿಕ್ಕಿದೆ, ಇದನ್ನು ಶುದ್ಧೀಕರಣಕ್ಕೆ ಬಳಸಬಹುದು. ಯಾಕ್ರೀ ಬಳಸಬಹುದು?

ಕುಪ್ರಿಯಾವಿಡಸ್ ಮೆಟಾಲಿಡ್ಯುರಾನ್ಸ್ ಅಂತ ಒಂದು ಬ್ಯಾಕ್ಟೀರಿಯಾ ಇದೆ. 1976ರಲ್ಲಿ ಬೆಲ್ಜಿಯಂನ ಸತುವಿನ ಕಾರ್ಖಾನೆಯೊಂದರ ತೊಟ್ಟಿಯಲ್ಲಿ ಸಿಕ್ಕಿದ್ದು. ಲೋಹ ತಡೆದುಕೊಳ್ಳುವುದರಲ್ಲಿ ಅದನ್ನು ಮೀರಿಸುವವರು ಕಡಿಮೆ. ಅದು ಬದುಕುವುದು ಹೇಗೆ? ಒಳಗೆ ಬಂದ ಕೋಬಾಲ್ಟ್, ಸತು, ಕ್ಯಾಡ್ಮಿಯಂ ಅನ್ನು ಪೊರೆಯಲ್ಲಿರುವ ಪಂಪಿನಿಂದ ವಾಪಸ್ ಹೊರಗೆ ತಳ್ಳುತ್ತದೆ. ಅದರ ಜೀವ ಉಳಿಯಿತು, ಸರಿ. ಕ್ಯಾಡ್ಮಿಯಂ ಮಾತ್ರ ನೀರಲ್ಲೇ ಇದೆ! ತಡೆದುಕೊಳ್ಳುವುದು ಬೇರೆ, ತೆಗೆಯುವುದು ಬೇರೆ. ಕ್ಯಾನಿನವರು ನಮ್ಮ ತಳಿ ಇಷ್ಟು ಸೀಸದಲ್ಲೂ ಸಾಯುವುದಿಲ್ಲ ಅಂತ ಹೇಳಿದರೆ ತಲೆದೂಗಬೇಡಿ.

ಇನ್ನೊಂದು ವಿಷಯ. ಅವರು ಒಂದೇ ಕ್ಯಾನ್ ಹಿಡಿದು ನಾಲ್ಕು ಲೋಹದ ಹೆಸರು ಹೇಳಿದ್ದಾರೆ. ಕ್ರೋಮಿಯಂ ಸರಿ, ಎಲೆಕ್ಟ್ರಾನ್ ಕೊಟ್ಟರೆ ಕೂರುತ್ತದೆ. ನಿಕ್ಕಲ್, ಸೀಸ, ಕ್ಯಾಡ್ಮಿಯಂಗೆ ಆ ಉಪಾಯ ನಡೆಯುವುದಿಲ್ಲ. ಅವಕ್ಕೆ ಸಲ್ಫೈಡೋ ಕಾರ್ಬೋನೇಟೋ ಜೊತೆಗೆ ಸಿಗಬೇಕು. ಪ್ರತಿ ಲೋಹಕ್ಕೂ ಬೇರೆ ದಾರಿ.

ಸುಮ್ನೆ_ಓದುವವ:
ಹಾಗಾದರೆ ಬ್ಯಾಕ್ಟೀರಿಯಾ ಚೆನ್ನಾಗಿ ಕೆಲಸ ಮಾಡಿದ ಉದಾಹರಣೆ ಒಂದೂ ಇಲ್ವಾ?

ಅಗರ್_ತಟ್ಟೆ:
ಇದೆ, ಇದೆ. ನನಗೆ ಬಹಳ ಇಷ್ಟವಾದದ್ದು ಪಾದರಸದ್ದು. ಕೆಲವು ಬ್ಯಾಕ್ಟೀರಿಯಾಗಳಲ್ಲಿ ಮರ್ ಅನ್ನುವ ಜೀನ್‌ಗಳ ಗುಂಪು ಇರುತ್ತದೆ. ಮರ್-ಬಿ ಕಿಣ್ವ ಮೀಥೈಲ್ ಪಾದರಸದಂಥ ಘೋರ ವಿಷದಿಂದ ಇಂಗಾಲದ ಭಾಗವನ್ನು ಕತ್ತರಿಸುತ್ತದೆ. ಮರ್-ಎ ಕಿಣ್ವ ಉಳಿದ ಪಾದರಸದ ಅಯಾನಿಗೆ (ವಿದ್ಯುದಂಶ ಹೊತ್ತ ಕಣಕ್ಕೆ) ಎರಡು ಎಲೆಕ್ಟ್ರಾನ್ ಕೊಟ್ಟು ಥರ್ಮಾಮೀಟರಿನಲ್ಲಿ ಇರುತ್ತಲ್ಲ, ಆ ಲೋಹದ ಪಾದರಸವನ್ನಾಗಿ ಮಾಡುತ್ತದೆ.

ಜರ್ಮನಿಯಲ್ಲಿ ಇದನ್ನು ಕ್ಲೋರಿನ್ ತಯಾರಿಸುವ ಕಾರ್ಖಾನೆಯ ನೀರಿಗೆ ಪ್ರಯೋಗಿಸಿದರು. ಆ ನೀರಿನಲ್ಲಿ ಲೀಟರಿಗೆ ಕೆಲವು ಮಿಲಿಗ್ರಾಂ ಪಾದರಸ, ಜೊತೆಗೆ ಸಿಕ್ಕಾಪಟ್ಟೆ ಉಪ್ಪು. ರಿಯಾಕ್ಟರ್ ತುಂಬ ಸಣ್ಣ ಸಣ್ಣ ಕಲ್ಲಿನಂಥ ತುಣುಕು, ಅದರ ಮೇಲೆ ಪಾದರಸ ನಿರೋಧಕ ಸ್ಯೂಡೋಮೊನಾಸ್‌ನಂಥ ಬ್ಯಾಕ್ಟೀರಿಯಾದ ಪದರ. ನೀರು ಹಾಯುತ್ತಿದ್ದಂತೆ ಆ ಪದರದೊಳಗೇ ಪಾದರಸ ಹನಿಹನಿಯಾಗಿ ಕೂರುತ್ತದೆ. ಕೊನೆಗೆ ಇಂಗಾಲದ ಫಿಲ್ಟರ್ ಇಟ್ಟು ಲೀಟರಿಗೆ 50 ಮೈಕ್ರೋಗ್ರಾಂನ ಮಿತಿಯೊಳಗೆ ತಂದರು. ಇಲ್ಲಿ ತಳಕೆಸರು ಸರ್ ಪ್ರಶ್ನೆಗೆ ಉತ್ತರ ಇದೆ. ಎಲ್ಲಿಗೆ ಹೋಯಿತು? ರಿಯಾಕ್ಟರಿನೊಳಗೆ. ಅಲ್ಲಿಂದ ತೆಗೆಯಲೂ ಬರುತ್ತದೆ.

ಪಾಳಿ_ಮೂರು:
ಮೇಡಂ, ಲೋಹದ ಪಾದರಸ ಆವಿಯಾಗಿ ಹೋಗುತ್ತದಲ್ವಾ? ಮುಚ್ಚಿದ ರಿಯಾಕ್ಟರ್ ಸರಿ. ಇದನ್ನೇ ತೆರೆದ ಕೆರೆಗೆ ಬಿಟ್ಟರೆ?

ಅಗರ್_ತಟ್ಟೆ:
ಗಾಳಿಗೆ ಹೋಗುತ್ತದೆ. ನೀರಿನ ವರದಿ ಚೆಂದ ಬರುತ್ತದೆ, ಪಾದರಸ ಬೇರೆಯವರ ತಲೆ ಮೇಲೆ ಬೀಳುತ್ತದೆ.

ತಳಕೆಸರು:
ಪಾದರಸ ಇರುವ ಕೆಸರಿಗೆ ಬ್ಯಾಕ್ಟೀರಿಯಾ ಬೆಳೆಸಲು ಹೋದರೆ ಇದಕ್ಕಿಂತ ದೊಡ್ಡ ಅಪಾಯವಿದೆ. ಆಮ್ಲಜನಕ ಇಲ್ಲದ ಕೆಸರಲ್ಲಿ ಬದುಕುವ ಕೆಲವು ಬ್ಯಾಕ್ಟೀರಿಯಾ ಮಾಮೂಲಿ ಪಾದರಸವನ್ನು ಮೀಥೈಲ್ ಪಾದರಸವಾಗಿ ಮಾಡುತ್ತವೆ. ಅವುಗಳಲ್ಲಿ ಸಲ್ಫೇಟನ್ನು ಸಲ್ಫೈಡ್ ಮಾಡುವವೂ ಇವೆ. ಇದಕ್ಕೆ ಬೇಕಾದ ಎರಡು ಜೀನ್‌ಗಳು ಯಾವುವು ಅಂತ 2013ರಲ್ಲಷ್ಟೇ ಗೊತ್ತಾಯಿತು. ಮೀಥೈಲ್ ಪಾದರಸ ಮೀನಿನೊಳಗೆ ಸೇರಿ ಮೇಲೆ ಮೇಲೆ ಹೆಚ್ಚುತ್ತಾ ಹೋಗುತ್ತದೆ. ಜಪಾನಿನ ಮಿನಮಾಟದಲ್ಲಿ 1956ರಲ್ಲಿ ಬೆಳಕಿಗೆ ಬಂದ ದುರಂತ ಇದೇ ವಸ್ತುವಿನಿಂದ. ಅಲ್ಲಿ ಅದು ಮುಖ್ಯವಾಗಿ ಕಾರ್ಖಾನೆಯಿಂದಲೇ ನೇರವಾಗಿ ಬಂದಿತ್ತು, ಆ ಮಾತು ಬೇರೆ.

ಹಾಗಾಗಿ ಕೆರೆಯಂಚು ಅವರೇ, ಮೊದಲು ನಿಮ್ಮ ವರದಿಯಲ್ಲಿ ಪಾದರಸ ನೋಡಿದ್ದಾರಾ ಅಂತ ಕೇಳಿ. ಇದ್ದರೆ, ಕಾಕಂಬಿಯಂಥ ಆಹಾರವನ್ನು ಕೆಸರಿಗೆ ಸುರಿಯುವ ಯಾವ ಯೋಜನೆಗೂ ಒಪ್ಪಬೇಡಿ.

ಗಣಿಬಾಗಿಲು:
ಸಲ್ಫೇಟ್ ಬ್ಯಾಕ್ಟೀರಿಯಾವನ್ನು ಬೈಯುವ ಮೊದಲು ಅವುಗಳ ಒಳ್ಳೆಯ ಮುಖವನ್ನೂ ನೋಡಿ. ನಾನು ಗಣಿ ಕಡೆಯವನು. ನಮ್ಮಲ್ಲಿ ಹಾಳು ಮಾಡುವುದೂ ಬ್ಯಾಕ್ಟೀರಿಯಾ, ಸರಿ ಮಾಡುವುದೂ ಬ್ಯಾಕ್ಟೀರಿಯಾ. ಅದಿರಿನ ಪೈರೈಟ್‌ಗೆ (ಕಬ್ಬಿಣ-ಗಂಧಕದ ಖನಿಜಕ್ಕೆ) ಗಾಳಿ, ನೀರು ತಾಗಿದರೆ ಆಸಿಡಿಥಯೋಬ್ಯಾಸಿಲಸ್ ಫೆರೋಆಕ್ಸಿಡಾನ್ಸ್‌ನಂಥವು ಅದನ್ನು ಉತ್ಕರ್ಷಿಸಿ ಆಸಿಡ್ ಮಾಡುತ್ತವೆ. ಆ ಆಸಿಡ್ ಬಂಡೆಯಲ್ಲಿದ್ದ ಲೋಹವನ್ನೆಲ್ಲ ಕರಗಿಸಿಕೊಂಡು ಹೊರಗೆ ಬರುತ್ತದೆ. ಕ್ಯಾಲಿಫೋರ್ನಿಯಾದ ಐರನ್ ಮೌಂಟನ್ ಗಣಿಯೊಳಗೆ ಪಿಎಚ್ ಸೊನ್ನೆಗಿಂತ ಕೆಳಗೆ, ಮೈನಸ್ 3.6 ತನಕ ಅಳೆದಿದ್ದಾರೆ.

ಇದಕ್ಕೆ ಉಲ್ಟಾ ಕೆಲಸ ಮಾಡುವುದೇ ಡಿಸಲ್ಫೋವಿಬ್ರಿಯೋ ಮತ್ತು ಅದರ ಬಳಗ. ಸಲ್ಫೇಟ್ ತಗೊಂಡು ಹೈಡ್ರೋಜನ್ ಸಲ್ಫೈಡ್ ಬಿಡುತ್ತವೆ, ಜೊತೆಗೆ ಪಿಎಚ್ ಏರಿಸುತ್ತವೆ. ಸಲ್ಫೈಡ್ ಸಿಕ್ಕ ತಕ್ಷಣ ತಾಮ್ರ, ಸೀಸ, ಕ್ಯಾಡ್ಮಿಯಂ, ಸತು ಎಲ್ಲ ಗಟ್ಟಿಯಾಗಿ ಕೂರುತ್ತವೆ. ಸುಣ್ಣದಿಂದ ಕೂರಿಸಿದ ಸತುವಿನ ಹೈಡ್ರಾಕ್ಸೈಡ್ ಪಿಎಚ್ ಅತಿಯಾಗಿ ಏರಿದರೆ ಮತ್ತೆ ಕರಗುತ್ತದೆ. ಸಲ್ಫೈಡ್‌ಗೆ ಆ ಚಪಲ ಇಲ್ಲ. ಶುದ್ಧವಾಗಿದ್ದರೆ ಸತು ಸಲ್ಫೈಡ್ ಬಿಳಿ, ಕ್ಯಾಡ್ಮಿಯಂ ಸಲ್ಫೈಡ್ ನಿಂಬೆ ಹಳದಿ, ಸೀಸದ್ದು ಕಪ್ಪು. ರಿಯಾಕ್ಟರಿನಲ್ಲಿ ಮಾತ್ರ ಕಬ್ಬಿಣದ ಸಲ್ಫೈಡ್ ಸೇರಿ ಎಲ್ಲ ಕಪ್ಪು ಕೆಸರೇ.

ನೆದರ್‌ಲೆಂಡ್ಸ್‌ನ ಬ್ಯೂಡೆಲ್‌ನಲ್ಲಿ ಸತು ಶುದ್ಧೀಕರಿಸುವ ದೊಡ್ಡ ಕಾರ್ಖಾನೆ ಇದೆ. ಅದರ ಕೆಳಗಿನ ಅಂತರ್ಜಲದಲ್ಲಿ ಸತು, ಸಲ್ಫೇಟ್ ತುಂಬಿತ್ತು. 1992ರಲ್ಲಿ ಸಲ್ಫೇಟ್ ಬ್ಯಾಕ್ಟೀರಿಯಾದ ರಿಯಾಕ್ಟರ್ ಕಟ್ಟಿದರು. ನೀರನ್ನು ಮೇಲೆತ್ತಿ ಅದಕ್ಕೆ ಕೊಡುವುದು, ಬ್ಯಾಕ್ಟೀರಿಯಾಕ್ಕೆ ಎಥನಾಲ್ ಉಣಿಸುವುದು. ಕೂತ ಸತು ಸಲ್ಫೈಡನ್ನು ಏನು ಮಾಡಿದರು ಗೊತ್ತಾ? ವಾಪಸ್ ಅದೇ ಕಾರ್ಖಾನೆಯ ಕುಲುಮೆಗೆ ಹಾಕಿದರು. ಯಾಕಂದರೆ ಸತುವಿನ ಅದಿರು ಕೂಡ ಸತು ಸಲ್ಫೈಡೇ! ಈ ಕ್ಷೇತ್ರದಲ್ಲಿ ಇದಕ್ಕಿಂತ ಅಚ್ಚುಕಟ್ಟಾದ ಕೆಲಸ ನಾನು ನೋಡಿಲ್ಲ.

ಎಚ್ಚರಿಕೆ ಒಂದು. ಹೈಡ್ರೋಜನ್ ಸಲ್ಫೈಡ್ ಸ್ವಲ್ಪ ಇದ್ದಾಗ ಕೊಳೆತ ಮೊಟ್ಟೆ ವಾಸನೆ. 100 ಪಿಪಿಎಂ (ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ನೂರು) ಆಸುಪಾಸಿಗೆ ಹೋದರೆ ಮೂಗು ಸತ್ತುಹೋಗುತ್ತದೆ, ವಾಸನೆಯೇ ತಿಳಿಯುವುದಿಲ್ಲ. ವಾಸನೆ ನಿಂತಿತು ಅಂತ ಟ್ಯಾಂಕಿಗೆ ಇಳಿದವರು ಮೇಲೆ ಬರುವುದಿಲ್ಲ. ಮೀಟರ್ ಇಲ್ಲದೆ ಇದರ ಹತ್ತಿರ ಹೋಗಬೇಡಿ.

ಕೆರೆಯಂಚು:
ಇದು ಕುತೂಹಲವಾಗಿದೆ. ನಮ್ಮ ಕೆರೆಯ ಕೆಸರು ಕೂಡ ಕಪ್ಪಗಿದೆ, ಕಲಕಿದರೆ ಅದೇ ವಾಸನೆ. ಅಂದರೆ ಅಲ್ಲಿ ಈ ಕೆಲಸ ಆಗಲೇ ನಡೆಯುತ್ತಿದೆಯಾ?

ತಳಕೆಸರು:
ನಡೆಯುತ್ತಿರುವ ಸಾಧ್ಯತೆ ಜಾಸ್ತಿ. ನಿಮ್ಮ ಕ್ಯಾಡ್ಮಿಯಂ, ಸೀಸ, ನಿಕ್ಕಲ್‌ನಲ್ಲಿ ಒಂದು ಪಾಲು ಈಗಾಗಲೇ ಸಲ್ಫೈಡ್ ಆಗಿ ಕೂತಿರಬಹುದು, ಯಾರೂ ಕ್ಯಾನ್ ತಂದು ಸುರಿಯದೇ. ಹಾಗೆ ಕೂತದ್ದು ನೀರಿನಡಿ, ಗಾಳಿ ತಾಗದೆ ಇರುವ ತನಕ ಸುಮ್ಮನಿರುತ್ತದೆ. ಬೇಸಿಗೆಯಲ್ಲಿ ಕೆರೆ ಬತ್ತಿ ಕೆಸರು ಬಿರುಕು ಬಿಟ್ಟರೆ ಸಲ್ಫೈಡ್ ಮತ್ತೆ ಸಲ್ಫೇಟ್ ಆಗುತ್ತದೆ, ಕ್ಯಾಡ್ಮಿಯಂ ಕರಗುತ್ತದೆ, ಮೊದಲ ಮಳೆಗೆ ಹೊರಟುಬಿಡುತ್ತದೆ. ಕ್ರೋಮಿಯಂ-3 ಕೂಡ ಒಣಗಿದ ಮಣ್ಣಲ್ಲಿ ಮ್ಯಾಂಗನೀಸ್ ಆಕ್ಸೈಡ್ ಜೊತೆ ಸಿಕ್ಕಿದರೆ ಸ್ವಲ್ಪ ಸ್ವಲ್ಪ ಮತ್ತೆ ಕ್ರೋಮಿಯಂ-6 ಆಗಬಹುದು. ನಿಮ್ಮ ಕೆರೆ ಬತ್ತುತ್ತದಾ? ಮಣ್ಣು ತೆಗೆದು ದಂಡೆಗೆ ರಾಶಿ ಹಾಕುವ ಯೋಚನೆ ಇದೆಯಾ? ಬ್ಯಾಕ್ಟೀರಿಯಾದ ಬ್ರ್ಯಾಂಡ್‌ಗಿಂತ ಇದು ಮುಖ್ಯ.

ಆಹಾರ ನಿಲ್ಲಿಸಿದ ಮೇಲೆ ಏನು ಅನ್ನುವುದಕ್ಕೂ ಒಂದು ಪಾಠ ಇದೆ. ಕೊಲರಾಡೋದ ರೈಫಲ್‌ನಲ್ಲಿ ಹಳೆಯ ಯುರೇನಿಯಂ ಗಿರಣಿಯ ಜಾಗದಲ್ಲಿ 2002ರಲ್ಲಿ ಬ್ಯಾಕ್ಟೀರಿಯಾಕ್ಕೆ ಆಹಾರವಾಗಿ ಅಂತರ್ಜಲಕ್ಕೆ ಅಸಿಟೇಟ್ ಬಿಟ್ಟರು. ಜಿಯೋಬ್ಯಾಕ್ಟರ್ ಬಳಗ ಭರ್ಜರಿಯಾಗಿ ಹೆಚ್ಚಿತು, ಕರಗಿದ ಯುರೇನಿಯಂ ಇಳಿಯಿತು. ಕೆಲವು ವಾರ ಕಳೆದ ಮೇಲೆ ಜಿಯೋಬ್ಯಾಕ್ಟರಿಗೆ ಬೇಕಾದ ಕಬ್ಬಿಣ ಕಡಿಮೆಯಾಗಿ ಸಲ್ಫೇಟ್ ಬ್ಯಾಕ್ಟೀರಿಯಾ ಜಾಗ ಹಿಡಿದವು. ಅಸಿಟೇಟ್ ಬಿಡುತ್ತಿದ್ದಾಗಲೇ ಯುರೇನಿಯಂ ಮತ್ತೆ ಏರತೊಡಗಿತು. ಆಹಾರ ಇದ್ದೂ ಹೀಗೆ. ಇನ್ನು ನಿಲ್ಲಿಸಿದರೆ? ನೆಲದಡಿಯ ಜೀವಿಗಳು ನಮ್ಮ ಟೈಂಟೇಬಲ್ ನೋಡುವುದಿಲ್ಲ.

ಸುಮ್ನೆ_ಓದುವವ:
ಜೀನ್ ತಿದ್ದಿದ ಬ್ಯಾಕ್ಟೀರಿಯಾ ಬಗ್ಗೆ ಯಾರೂ ಹೇಳಲಿಲ್ಲ?

ಅಗರ್_ತಟ್ಟೆ:
ಡೈನೋಕಾಕಸ್ ರೇಡಿಯೋಡ್ಯುರಾನ್ಸ್ ವಿಕಿರಣಕ್ಕೆ ಜಗ್ಗದ ಬ್ಯಾಕ್ಟೀರಿಯಾ. 2000ದಲ್ಲಿ ಅದಕ್ಕೆ ಮರ್-ಎ ಸೇರಿಸಿ, ವಿಕಿರಣದ ಕಸದಲ್ಲಿರುವ ಪಾದರಸಕ್ಕೆ ಬಳಸಬಹುದು ಅಂತ ತೋರಿಸಿದರು. ಲ್ಯಾಬಿನಲ್ಲಿ ಚೆಂದ. ಬಯಲಿಗೆ ಬಿಡಲು ಅನುಮತಿ ಸಿಗುವುದು ಕಷ್ಟ. ಬಿಟ್ಟರೂ ಅಲ್ಲಿ ಮೊದಲೇ ಬೇರೂರಿದ ಜೀವಿಗಳ ಮುಂದೆ ಹೊಸದು ನಿಲ್ಲುವುದು ಇನ್ನೂ ಕಷ್ಟ. ಕ್ಯಾನಿನ ಬ್ಯಾಕ್ಟೀರಿಯಾದ್ದೂ ಅದೇ ಹಣೆಬರಹ.

ಗಣಿಬಾಗಿಲು:
ಸತ್ತ ಬ್ಯಾಕ್ಟೀರಿಯಾ ಕೂಡ ಲೋಹ ಹಿಡಿಯುತ್ತದೆ ಅನ್ನುವುದನ್ನು ಬಿಟ್ಟಿರಿ. ಕೋಶದ ಗೋಡೆಯ ಮೇಲಿನ ಕಾರ್ಬಾಕ್ಸಿಲ್, ಫಾಸ್ಫೇಟ್ ಗುಂಪುಗಳಿಗೆ ಲೋಹದ ಅಯಾನ್ ಅಂಟುತ್ತದೆ. ಅದಕ್ಕೆ ಜೀವ ಇರಬೇಕಾಗಿಲ್ಲ, ಆಹಾರವೂ ಬೇಡ. ಈಸ್ಟ್, ಪಾಚಿ, ಏನಾದರೂ ಆಗುತ್ತದೆ. ಕಾರ್ಖಾನೆಗಳಲ್ಲಿ ಬಿಸಾಡುವ ಈಸ್ಟ್ ಬೇಕಾದಷ್ಟಿದೆ.

ಪಾಳಿ_ಮೂರು:
1980-90ರ ದಶಕದಲ್ಲಿ ಅಂಥ ಸರಕು ಮಾರುಕಟ್ಟೆಗೆ ಬಂದು, ಹೆಚ್ಚೇನೂ ನಡೆಯದೆ ಮೂಲೆ ಸೇರಿತು ಸರ್. ಕಾರಣ ಅಯಾನ್ ಎಕ್ಸ್‌ಚೇಂಜ್ ರೆಸಿನ್, ಅಂದರೆ ನೀರಿನ ಲೋಹದ ಅಯಾನನ್ನು ಹಿಡಿದುಕೊಳ್ಳುವ ಪ್ಲಾಸ್ಟಿಕ್ಕಿನಂಥ ಮಣಿ. ರೆಸಿನ್ ಇವತ್ತು ಹೇಗೆ ಹಿಡಿಯುತ್ತದೋ ನಾಳೆಯೂ ಹಾಗೇ. ಆಸಿಡ್‌ನಲ್ಲಿ ತೊಳೆದು ಮತ್ತೆ ಮತ್ತೆ ಬಳಸಬಹುದು. ಈಸ್ಟ್ ಒಂದು ಬ್ಯಾಚಿನ ಹಾಗೆ ಇನ್ನೊಂದು ಇರುವುದಿಲ್ಲ, ಕಾಲಂನಲ್ಲಿ ಮೆತ್ತಗಾಗಿ ಕಟ್ಟಿಕೊಳ್ಳುತ್ತದೆ. ಪಿಎಚ್ 2ಕ್ಕೆ ಇಳಿದರೆ ಹೈಡ್ರೋಜನ್ ಅಯಾನೇ ಎಲ್ಲ ಜಾಗ ಹಿಡಿದು ಲೋಹವನ್ನು ಹೊರಗೆ ಹಾಕುತ್ತದೆ. ಲೋಹ ಹಿಡಿದ ಒದ್ದೆ ಈಸ್ಟ್ ಕೊಳೆಯುತ್ತದೆ ಬೇರೆ.

ಗಣಿಬಾಗಿಲು:
ನೀರು ಒಂದೇ ಥರ ಇದ್ದು, ಲೋಹ ತುಂಬಾ ಕಡಿಮೆ ಇದ್ದರೆ ನಡೆಯುತ್ತದೆ ಅಂತ ಈಗಲೂ ನನ್ನ ವಾದ. ಇಲ್ಲಿ ನಿಮ್ಮನ್ನು ಒಪ್ಪಲಾರೆ, ಬಿಡಿ.

ಗದ್ದೆಬದು:
ತಡವಾಗಿ ಓದಿದೆ. ಭತ್ತದ ಗದ್ದೆಯವರಿಗೆ ಈ ಆಟ ದಿನವೂ ನಡೆಯುತ್ತದೆ. ಗದ್ದೆಯಲ್ಲಿ ನೀರು ನಿಲ್ಲಿಸಿದರೆ ಮಣ್ಣಿನ ಬ್ಯಾಕ್ಟೀರಿಯಾ ಸಲ್ಫೈಡ್ ಮಾಡುತ್ತವೆ, ಕ್ಯಾಡ್ಮಿಯಂ ಕಾಳಿಗೆ ಕಡಿಮೆ ಹೋಗುತ್ತದೆ. ಅದೇ ನಿಂತ ನೀರಿನಲ್ಲಿ ಕಬ್ಬಿಣದ ಆಕ್ಸೈಡ್ ಕರಗಿ ಆರ್ಸೆನಿಕ್ ಎದ್ದು ಬೇರಿಗೆ ಸಿಗುತ್ತದೆ. ನೀರು ಬಸಿದರೆ ಆರ್ಸೆನಿಕ್ ತಗ್ಗುತ್ತದೆ, ಕ್ಯಾಡ್ಮಿಯಂ ಏರುತ್ತದೆ. ಎರಡೂ ಇರುವ ಮಣ್ಣಲ್ಲಿ ಯಾವಾಗ ಬಸಿಯಬೇಕು ಅನ್ನುವುದೇ ತಲೆನೋವು. ಆ ಕೆರೆಯ ನೀರು ಗದ್ದೆಗೆ ಹೋಗುವುದಾದರೆ ಆರ್ಸೆನಿಕ್ ಕೂಡ ಅಳೆಸಿ.

ಕೆರೆಯಂಚು:
ಎಲ್ಲರಿಗೂ ಧನ್ಯವಾದ. ವರದಿ ತೆಗೆದು ನೋಡಿದೆ. ಪಾದರಸ, ಆರ್ಸೆನಿಕ್ ಎರಡನ್ನೂ ಅಳೆದಿಲ್ಲ. ಮೊದಲು ಅದನ್ನು ಮಾಡಿಸುತ್ತೇವೆ. ಕ್ಯಾನಿನವರು ಮಾತ್ರ ಬಿಡುತ್ತಿಲ್ಲ, ಸಣ್ಣ ಪ್ರಯೋಗವಾದರೂ ಮಾಡಿ ನೋಡಿ ಅನ್ನುತ್ತಿದ್ದಾರೆ. ಮಾಡುವುದಾದರೆ ಹೇಗೆ ಮಾಡಬೇಕು?

ತಳಕೆಸರು:
ಕೆರೆಯಲ್ಲಿ ಬೇಡ, ಮುಚ್ಚಳದ ಡ್ರಮ್ಮುಗಳಲ್ಲಿ ಮಾಡಿ. ಎಲ್ಲದಕ್ಕೂ ಒಂದೇ ಕೆಸರು, ಒಂದೇ ನೀರು. ಒಂದಕ್ಕೆ ಏನೂ ಹಾಕಬೇಡಿ. ಒಂದಕ್ಕೆ ಅವರ ದ್ರಾವಣ. ಇನ್ನೊಂದಕ್ಕೆ ಅದೇ ದ್ರಾವಣವನ್ನು ಪ್ರೆಶರ್‌ನಲ್ಲಿ ಬೇಯಿಸಿ, ಬ್ಯಾಕ್ಟೀರಿಯಾ ಸಾಯಿಸಿ, ಆರಿಸಿ ಹಾಕಿ. ಬೇಯಿಸಿದ್ದೂ ಬೇಯಿಸದ್ದೂ ಒಂದೇ ಫಲ ಕೊಟ್ಟರೆ ಕೆಲಸ ಮಾಡಿದ್ದು ದ್ರಾವಣದಲ್ಲಿರುವ ಸಕ್ಕರೆ, ನಿಮ್ಮ ಕೆರೆಯ ಬ್ಯಾಕ್ಟೀರಿಯಾ. ನೀರನ್ನೂ ಅಳೆಯಿರಿ, ಕೆಸರನ್ನೂ ಅಳೆಯಿರಿ. ಎರಡೂ ಕೂಡಿದರೆ ಶುರುವಿನ ಲೆಕ್ಕಕ್ಕೆ ಸರಿಹೊಂದಬೇಕು. ಒಟ್ಟು ಕಡಿಮೆ ಬಂದರೆ ಅದು ಪವಾಡ ಅಲ್ಲ, ಅಳತೆಯಲ್ಲಿ ಎಡವಟ್ಟಾಗಿದೆ ಅಂತ ಅರ್ಥ.

ಕೊನೆಯಲ್ಲಿ ಕೆಸರು ಕಲಕಿ ಕೆಲವು ದಿನ ಗಾಳಿ ಊದಿ, ಮತ್ತೆ ನೀರು ಅಳೆಯಿರಿ. ಲೋಹ ವಾಪಸ್ ಎದ್ದು ಬಂದರೆ ಮಾತು ಅಲ್ಲಿಗೆ ಮುಗಿಯಿತು.

ಪಾಳಿ_ಮೂರು:
ಸ್ಯಾಂಪಲ್ ಬಗ್ಗೆ ಒಂದು ಮಾತು ಸೇರಿಸುತ್ತೇನೆ, ಇಲ್ಲಿ ತುಂಬಾ ಜನ ಎಡವುತ್ತಾರೆ. ಕರಗಿದ ಲೋಹ ಬೇಕಾದರೆ ಅಲ್ಲೇ, ಆಗಲೇ, 0.45 ಮೈಕ್ರಾನ್ ಫಿಲ್ಟರಿನಲ್ಲಿ ಸೋಸಿ. ಸೋಸಿದ ಮೇಲೆ ನೈಟ್ರಿಕ್ ಆಸಿಡ್ ಹಾಕಿ ಪಿಎಚ್ 2ಕ್ಕಿಂತ ಕೆಳಗೆ ತನ್ನಿ. ಮೊದಲು ಆಸಿಡ್ ಹಾಕಿ ಆಮೇಲೆ ಸೋಸಿದರೆ ತೇಲುತ್ತಿದ್ದ ಮಣ್ಣಿನ ಲೋಹವೂ ಕರಗಿ ಲೆಕ್ಕಕ್ಕೆ ಸೇರುತ್ತದೆ. ಒಟ್ಟು ಲೋಹಕ್ಕೆ ಬೇರೆ ಬಾಟಲಿ, ಅದಕ್ಕೆ ಸೋಸದೆ ಆಸಿಡ್. ಕ್ರೋಮಿಯಂ-6ಕ್ಕೆ ಮಾತ್ರ ಈ ಆಸಿಡ್ ಹಾಕಲೇಬೇಡಿ. ಆಸಿಡ್‌ನಲ್ಲಿ ಅದು ದಾರಿಯಲ್ಲೇ ಕ್ರೋಮಿಯಂ-3 ಆಗಿಬಿಡಬಹುದು, ಆಗ ಅವರ ದ್ರಾವಣಕ್ಕೆ ಬಿಟ್ಟಿ ಗೆಲುವು. ಅದಕ್ಕೆ ಮೂರನೇ ಬಾಟಲಿ. ಸೋಸಿ, ತಣ್ಣಗಿಟ್ಟು, ಅದೇ ದಿನ ಲ್ಯಾಬಿಗೆ ಮುಟ್ಟಿಸಿ. ಬಾಟಲಿ ತುಂಬುವ ಕೆಲಸ ಮಾತ್ರ ಕ್ಯಾನಿನವರ ಕೈಗೆ ಕೊಡಬೇಡಿ.